ಅಲಾರಂ ಕೇಳಿಸದ ರಾತ್ರಿಗಳು: ಡಾನಾ ಲೂಯಿಸ್ ತಾವೇ ಕಟ್ಟಿಕೊಂಡ ಇನ್ಸುಲಿನ್ ಲೂಪ್

2013ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಒಬ್ಬರೇ ವಾಸವಾಗಿದ್ದ ಡಾನಾ ಲೂಯಿಸ್ ಅವರಿಗೆ ಇದ್ದ ತೊಂದರೆ ಕೇಳುವುದಕ್ಕೆ ತುಂಬ ಸಣ್ಣದು. ರಾತ್ರಿ ಅಲಾರಂ ಹೊಡೆದರೂ ಎಚ್ಚರ ಆಗುತ್ತಿರಲಿಲ್ಲ. ಅದು ಬೆಳಿಗ್ಗೆ ಕೆಲಸಕ್ಕೆ ಎಬ್ಬಿಸುವ ಅಲಾರಂ ಅಲ್ಲ. ನಿನ್ನ ಶುಗರ್ ಇಳಿಯುತ್ತಿದೆ, ಈಗಲೇ ಎದ್ದು ಏನಾದರೂ ಸಿಹಿ ತಿನ್ನು ಎಂದು ಕೂಗುವ ಅಲಾರಂ. ಅವರಿಗೆ 14ನೇ ವಯಸ್ಸಿನಲ್ಲಿ ಟೈಪ್ 1 ಮಧುಮೇಹ ಬಂದಿತ್ತು. ಮೈಮೇಲೆ ಗ್ಲೂಕೋಸ್ ಸೆನ್ಸರ್ ಇತ್ತು, ಇನ್ಸುಲಿನ್ ಪಂಪ್ ಇತ್ತು, ಎರಡೂ ಆ ಕಾಲಕ್ಕೆ ಒಳ್ಳೆಯವೇ. ಆದರೂ ಅಲಾರಂ ಹೊಡೆದಾಗ ಏಳದೇ ಹೋದರೆ ಏನು ಗತಿ ಎನ್ನುವ ಹೆದರಿಕೆಯಲ್ಲೇ ಮಲಗಬೇಕಿತ್ತು. ಸದ್ದು ಜೋರು ಮಾಡಿ ಎಂದು ತಯಾರಕರನ್ನು ಕೇಳಿದರೆ, ಹೆಚ್ಚಿನವರಿಗೆ ಇಷ್ಟು ಸಾಕು, ಎಚ್ಚರ ಆಗುತ್ತದೆ ಎನ್ನುವ ಉತ್ತರ ಬಂತು.

ನನ್ನ ಮಗಳಿಗೂ ಟೈಪ್ 1. ಗೊತ್ತಾಗಿ ನಾಲ್ಕು ವರ್ಷ ಆಯಿತು. ರಾತ್ರಿ 2 ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು, ಮೊಬೈಲ್ ಬೆಳಕಿನಲ್ಲಿ ಅವಳ ಬೆರಳು ಚುಚ್ಚಿ ನೋಡುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ನೋಡಿ ಅಭ್ಯಾಸವಾಗಿರುವುದರಿಂದ ಅವಳು ನಿದ್ದೆಯಲ್ಲೇ ಕೈ ಚಾಚುತ್ತಾಳೆ. ತಾನೇ ನಡೆಯುವ ಇನ್ಸುಲಿನ್ ಪಂಪ್ ಬಗ್ಗೆ ನಾನು ಓದಲು ಶುರು ಮಾಡಿದ್ದೇ ಆ 2 ಗಂಟೆಯ ಕಾರಣಕ್ಕೆ. ಜಾಹೀರಾತುಗಳಲ್ಲಿ ನಗುವ ಮುಖಗಳು ಇರುತ್ತವೆ, ಶೇಕಡಾ ಲೆಕ್ಕಗಳು ಇರುತ್ತವೆ. ಆದರೆ ಈ ಯಂತ್ರ ನಿಜವಾಗಿ ಯಾವ ಕೆಲಸವನ್ನು ಮನುಷ್ಯರ ಕೈಯಿಂದ ತೆಗೆದುಕೊಳ್ಳುತ್ತದೆ ಎನ್ನುವುದು ನನಗೆ ಅರ್ಥವಾಗಿದ್ದು ಡಾನಾ ಅವರ ಕಥೆಯನ್ನು ಹೆಜ್ಜೆ ಹೆಜ್ಜೆಯಾಗಿ ಓದಿದ ಮೇಲೆ. ಅದಕ್ಕೇ ಇಲ್ಲಿ ಅದನ್ನು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಮ್ಮಲ್ಲಿ ಸಕ್ಕರೆ ಕಾಯಿಲೆ ಅಂದ ಕೂಡಲೇ ಎಲ್ಲರೂ ಅಜ್ಜನ ಮಾತ್ರೆ, ಸಂಜೆ ವಾಕಿಂಗ್, ಹಾಗಲಕಾಯಿ ರಸ ನೆನಪು ಮಾಡಿಕೊಳ್ಳುತ್ತಾರೆ. ಟೈಪ್ 1 ಅದಲ್ಲ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಕೊಂದುಬಿಡುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಡದೆ ಇದ್ದರೆ ಬದುಕಿಲ್ಲ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚುವ ತನಕ ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಅವನಿಗೂ ಆಗ 14 ವರ್ಷ.

ಇನ್ಸುಲಿನ್ ಜೀವ ಉಳಿಸುತ್ತದೆ, ಆದರೆ ಅದರ ಅಳತೆ ತಪ್ಪಿದರೆ ಅದೇ ಅಪಾಯ. ಕಡಿಮೆ ಆದರೆ ಶುಗರ್ ಏರುತ್ತದೆ, ವರ್ಷಗಟ್ಟಲೆ ಏರಿಯೇ ಇದ್ದರೆ ಕಣ್ಣು, ಕಿಡ್ನಿ, ನರಗಳಿಗೆ ಪೆಟ್ಟು. ಜಾಸ್ತಿ ಆದರೆ ಶುಗರ್ ಇಳಿದು ಮೆದುಳಿಗೆ ಆಹಾರ ಸಿಗದೆ ಬೆವರು, ನಡುಕ, ಗೊಂದಲ, ಕೊನೆಗೆ ಫಿಟ್ಸ್, ಪ್ರಜ್ಞೆ ತಪ್ಪುವುದು. 1993ರಲ್ಲಿ ಬಂದ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನ ಎರಡನ್ನೂ ಒಟ್ಟಿಗೆ ತೋರಿಸಿತು. ಶುಗರ್ ಬಿಗಿಯಾಗಿ ಇಟ್ಟುಕೊಂಡವರ ಕಣ್ಣು, ಕಿಡ್ನಿ ಉಳಿದವು. ಅದೇ ಗುಂಪಿನಲ್ಲಿ ಶುಗರ್ ತೀರಾ ಇಳಿದು ಬೇರೆಯವರ ಸಹಾಯ ಬೇಕಾದ ಘಟನೆಗಳು ಸುಮಾರು ಮೂರು ಪಟ್ಟು ಆದವು. ಈ ಎರಡು ಮಾತಿನ ನಡುವೆ ಸಿಕ್ಕಿಕೊಂಡವರು ಏನು ಮಾಡುತ್ತಾರೆ ಹೇಳಿ? ರಾತ್ರಿ ಮಲಗುವಾಗ ಸ್ವಲ್ಪ ಜಾಸ್ತಿಯೇ ಇರಲಿ, 200 ಇದ್ದರೂ ಪರವಾಗಿಲ್ಲ, ಬೆಳಿಗ್ಗೆ ಏಳಲಿ ಸಾಕು ಅನ್ನುತ್ತಾರೆ. ನಾನೂ ಹಾಗೆ ಎಷ್ಟೋ ರಾತ್ರಿ ಒಂದು ಬಿಸ್ಕತ್ತು ಜಾಸ್ತಿ ತಿನ್ನಿಸಿ ಮಲಗಿಸಿದ್ದೇನೆ.

ಈಗ ಡಾನಾ ಅವರ ಹತ್ತಿರ ಇದ್ದ ಎರಡು ಯಂತ್ರಗಳ ವಿಷಯ. ಸೆನ್ಸರ್ ಚರ್ಮದ ಕೆಳಗೆ ಒಂದು ಸಣ್ಣ ತಂತಿ ಇಟ್ಟು, ಜೀವಕೋಶಗಳ ನಡುವಿನ ದ್ರವದಲ್ಲಿ ಇರುವ ಗ್ಲೂಕೋಸನ್ನು ಪ್ರತಿ 5 ನಿಮಿಷಕ್ಕೆ ಅಳೆಯುತ್ತದೆ. ರಕ್ತದಲ್ಲಿ ಆದ ಬದಲಾವಣೆ ಅಲ್ಲಿಗೆ ಬರುವುದು ಕೆಲವು ನಿಮಿಷ ತಡ. ಪಂಪ್ ಎಂದರೆ ಇಸ್ಪೀಟ್ ಎಲೆಗಳ ಕಟ್ಟಿನಷ್ಟು ದೊಡ್ಡ ಯಂತ್ರ, ಅದರೊಳಗೆ ಬೇಗ ಕೆಲಸ ಮಾಡುವ ಇನ್ಸುಲಿನ್ ಮಾತ್ರ ಇರುತ್ತದೆ. ಅದು ಒಂದು ತೆಳ್ಳಗಿನ ನಳಿಕೆಯಿಂದ ದಿನವಿಡೀ ಹನಿಹನಿಯಾಗಿ ಒಳಗೆ ಬಿಡುತ್ತದೆ. ಇದಕ್ಕೆ ಬೇಸಲ್ ಅನ್ನುತ್ತಾರೆ. ಊಟಕ್ಕೆ ಬಟನ್ ಒತ್ತಿ ಒಟ್ಟಿಗೆ ಕೊಡುವುದು ಬೋಲಸ್. ಎರಡೂ ಒಂದೇ ಮೈಮೇಲೆ, ಎರಡು ಇಂಚು ದೂರದಲ್ಲಿ ಇದ್ದರೂ ಅವತ್ತು ಒಂದಕ್ಕೊಂದು ಮಾತಾಡುತ್ತಿರಲಿಲ್ಲ. ಸೆನ್ಸರ್ 62 ಎಂದು ಕೂಗುತ್ತಿದ್ದಾಗಲೂ ಪಂಪ್ ತನ್ನ ಪಾಡಿಗೆ ಇನ್ಸುಲಿನ್ ಬಿಡುತ್ತಲೇ ಇರುತ್ತಿತ್ತು. ನಡುವೆ ಇದ್ದ ಸೇತುವೆ ಅಂದರೆ ಎಚ್ಚರ ಇರುವ ಮನುಷ್ಯ. ಸಂಖ್ಯೆ ನೋಡಬೇಕು, ಲೆಕ್ಕ ಹಾಕಬೇಕು, ಬಟನ್ ಒತ್ತಬೇಕು.

2013ರ ಕೊನೆಗೆ ಡಾನಾ ಅವರ ಕಣ್ಣಿಗೆ ಒಂದು ಟ್ವೀಟ್ ಬಿತ್ತು. ನ್ಯೂಯಾರ್ಕ್ ರಾಜ್ಯದ ಜಾನ್ ಕಾಸ್ಟಿಕ್ ಎಂಬ ಎಂಜಿನಿಯರ್, ತನ್ನ ಪುಟ್ಟ ಮಗನ ಸೆನ್ಸರ್ ರಿಸೀವರ್‌ನಿಂದ ಅಂಕಿಗಳನ್ನು ಹೊರಗೆ ತೆಗೆದು ಇಂಟರ್ನೆಟ್‌ಗೆ ಕಳಿಸುವ ದಾರಿ ಕಂಡುಕೊಂಡಿದ್ದರು. ಮಗ ಶಾಲೆಯಲ್ಲಿ ಇದ್ದಾಗ ಅಪ್ಪ ಆಫೀಸಿನಲ್ಲಿ ಕೂತು ಅವನ ಶುಗರ್ ನೋಡಬಹುದು. ಇದೇ ಮುಂದೆ ನೈಟ್‌ಸ್ಕೌಟ್ ಎಂಬ ಹೆಸರಿನಲ್ಲಿ ಸಾವಿರಾರು ಮನೆಗಳಿಗೆ ಹೋಯಿತು. ಕಾಯುತ್ತಾ ಕೂರುವುದಿಲ್ಲ ಎಂಬ ಅರ್ಥದ ಘೋಷಣೆಯೊಂದು ಆ ಹೊತ್ತಿಗೆ ಟೈಪ್ 1 ಕುಟುಂಬಗಳಲ್ಲಿ ಹರಡಲು ಶುರುವಾಗಿತ್ತು. ಆ ಸಿಟ್ಟು ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಡಾನಾ ಕೇಳಿದರು, ಜಾನ್ ತಮ್ಮ ಕೋಡ್ ಕೊಟ್ಟರು. ಹಣ ಕೇಳಲಿಲ್ಲ.

ಡಾನಾ ಡಾಕ್ಟರ್ ಅಲ್ಲ, ಎಂಜಿನಿಯರ್ ಕೂಡ ಅಲ್ಲ. ಆಗ ಅವರ ಗೆಳೆಯ, ಮುಂದೆ ಗಂಡ ಆದ ಸ್ಕಾಟ್ ಲೈಬ್ರಾಂಡ್ ಕಂಪ್ಯೂಟರ್ ನೆಟ್‌ವರ್ಕ್ ಕೆಲಸ ಬಲ್ಲವರು. ಇಬ್ಬರೂ ಸೇರಿ ಮೊದಲು ಮಾಡಿಕೊಂಡಿದ್ದು ಜೋರಾದ ಅಲಾರಂ, ಅಷ್ಟೇ. ಸೆನ್ಸರ್ ಅಂಕಿ ಕಂಪ್ಯೂಟರ್‌ಗೆ, ಅಲ್ಲಿಂದ ಫೋನ್‌ಗೆ, ಫೋನ್ ಎಷ್ಟು ಬೇಕಾದರೂ ಗಟ್ಟಿಯಾಗಿ ಕಿರುಚುತ್ತದೆ. ಆಮೇಲೆ ಒಂದು ಬಟನ್ ಸೇರಿಸಿದರು. ಡಾನಾ ಎದ್ದು ಬಟನ್ ಒತ್ತದೆ ಇದ್ದರೆ ಸ್ಕಾಟ್‌ಗೆ ಸುದ್ದಿ ಹೋಗುತ್ತದೆ, ಅವರು ಫೋನ್ ಮಾಡಿ ಎಬ್ಬಿಸಬಹುದು.

ಬಟನ್ ಬಂದ ಮೇಲೆ ಕಥೆ ತಾನಾಗಿ ಮುಂದಕ್ಕೆ ಹೋಯಿತು. ಸಿಹಿ ತಿಂದೆ ಎಂದು ಒತ್ತುವುದಾದರೆ ಎಷ್ಟು ತಿಂದೆ ಎಂದೂ ಬರೆಯಬಹುದು ಅಲ್ವಾ? ಇನ್ಸುಲಿನ್ ಎಷ್ಟು ತೆಗೆದುಕೊಂಡೆ ಎಂದೂ ಬರೆಯಬಹುದು. ಆಗ ಕಂಪ್ಯೂಟರ್‌ಗೆ ಈಗಿನ ಶುಗರ್ ಮಾತ್ರ ಅಲ್ಲ, ಮೈಯಲ್ಲಿ ಇನ್ನೂ ಕೆಲಸ ಮಾಡಲು ಬಾಕಿ ಇರುವ ಇನ್ಸುಲಿನ್ ಎಷ್ಟು, ಇನ್ನೂ ಅರಗಲು ಬಾಕಿ ಇರುವ ಊಟ ಎಷ್ಟು ಎನ್ನುವುದೂ ಗೊತ್ತಾಗುತ್ತದೆ. ಅದರಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಊಹಿಸಬಹುದು. ಹೀಗೆ ಹುಟ್ಟಿದ ವ್ಯವಸ್ಥೆಗೆ ಅವರು ಇಟ್ಟ ಹೆಸರಿನ ಅರ್ಥ, ನೀವೇ ಮಾಡಿಕೊಳ್ಳುವ ಮೇದೋಜೀರಕ. ಅದು ಇಳಿದ ಮೇಲೆ ಕೂಗುವ ಬದಲು ಇಳಿಯುವ ಮೊದಲೇ ಹೇಳುತ್ತಿತ್ತು, ಬೇಸಲ್ ಇಷ್ಟು ಕಡಿಮೆ ಮಾಡು, ಇಲ್ಲ ಇಷ್ಟು ಗ್ರಾಂ ಸಿಹಿ ತಿನ್ನು ಅಂತ. ಸುಮಾರು ಒಂದು ವರ್ಷ ಅವರು ಹೀಗೆ ನಡೆಸಿದರು. ಹಗಲು ಶುಗರ್ ಎಷ್ಟೋ ಸುಧಾರಿಸಿತು.

ಆದರೆ ರಾತ್ರಿಯ ತೊಂದರೆ ಹಾಗೇ ಉಳಿಯಿತು ನೋಡಿ. ಸಲಹೆ ಎಷ್ಟೇ ಸರಿ ಇರಲಿ, ಅದನ್ನು ಕೇಳಿ ಎದ್ದು ಪಂಪ್ ಬಟನ್ ಒತ್ತಬೇಕಾದವರು ನಿದ್ದೆಯಲ್ಲಿ ಇದ್ದಾರೆ. ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಎನಿಸುವ ಜಾಗ ಇದೇ. ಅಲಾರಂ ಇನ್ನಷ್ಟು ಜೋರಾದರೆ, ಇನ್ನಷ್ಟು ಜಾಣ ಆದರೆ ಆಗುವುದು ಒಂದೇ, ಇನ್ನಷ್ಟು ಸಲ ಎಚ್ಚರ. ಟೈಪ್ 1 ಇರುವ ಮಗುವಿನ ಮನೆಯಲ್ಲಿ ನಿದ್ದೆ ಎನ್ನುವುದು ಏನು ಎಂದು ಆ ಮನೆಯವರಿಗೇ ಗೊತ್ತು. ಹಗಲು ಎಲ್ಲ ಸಂಬಂಧಿಕರೂ ಸಲಹೆ ಕೊಡುತ್ತಾರೆ, ರಾತ್ರಿ 2 ಗಂಟೆಗೆ ಯಾರೂ ಇರುವುದಿಲ್ಲ.

2014ರಲ್ಲಿ ಅವರಿಗೆ ಬೆನ್ ವೆಸ್ಟ್ ಸಿಕ್ಕರು. ಅವರೂ ಟೈಪ್ 1 ಇರುವವರೇ. ತಮ್ಮದೇ ಪಂಪ್ ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂದು ಕಂಡುಹಿಡಿಯಲು ವರ್ಷಗಟ್ಟಲೆ ಕೂತಿದ್ದವರು. ಮೆಡ್‌ಟ್ರಾನಿಕ್ ಎಂಬ ಕಂಪನಿಯ ಕೆಲವು ಹಳೆಯ ಪಂಪ್‌ಗಳಿಗೆ ರೇಡಿಯೊ ಮೂಲಕ ಹೊರಗಿನಿಂದ ಆಜ್ಞೆ ಕೊಡಬಹುದಿತ್ತು, ಮತ್ತು ಆ ಬಾಗಿಲಿಗೆ ಸರಿಯಾದ ಬೀಗ ಇರಲಿಲ್ಲ. 2011ರಲ್ಲೇ ಜೇ ರಾಡ್‌ಕ್ಲಿಫ್ ಎಂಬ ಭದ್ರತಾ ಸಂಶೋಧಕ, ತಾನೂ ಟೈಪ್ 1 ಇರುವವರು, ತಮ್ಮ ಪಂಪ್‌ಗೆ ಹೊರಗಿನಿಂದ ಕೈ ಹಾಕಬಹುದು ಎಂದು ಎಲ್ಲರ ಮುಂದೆ ತೋರಿಸಿ ಎಚ್ಚರಿಸಿದ್ದರು. ಆಮೇಲಿನ ಮಾದರಿಗಳಲ್ಲಿ ಆ ಬಾಗಿಲು ಮುಚ್ಚಿತು, 2019ರಲ್ಲಿ ಹಳೆಯ ಪಂಪ್‌ಗಳನ್ನು ವಾಪಸ್ ಕರೆಯುವುದೂ ಆಯಿತು. ಬಾಗಿಲು ತೆರೆದಿದ್ದುದು ಅಪಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬಾಗಿಲು ಇಲ್ಲದಿದ್ದರೆ ಡಾನಾ ಅವರ ಲೂಪ್ ಹುಟ್ಟುತ್ತಲೇ ಇರಲಿಲ್ಲ. ರೋಗಿಯ ಮೈಮೇಲಿನ ಯಂತ್ರ ರೋಗಿಗೇ ಬಾಯಿ ಬಿಡದಂತೆ ಇದ್ದ ಕಾಲದಲ್ಲಿ ಅವರಿಗೆ ಬೇರೆ ದಾರಿ ಇತ್ತು ಎಂದು ನನಗೆ ಅನಿಸುವುದಿಲ್ಲ.

2014ರ ಡಿಸೆಂಬರ್‌ನಲ್ಲಿ ಸೇತುವೆ ಪೂರ್ತಿ ಆಯಿತು. ರಾಸ್ಪ್‌ಬೆರಿ ಪೈ ಎನ್ನುವ ಅಂಗೈಯಷ್ಟು ದೊಡ್ಡ ಅಗ್ಗದ ಕಂಪ್ಯೂಟರ್, ಒಂದು ಬ್ಯಾಟರಿ, ಪಂಪ್ ಜೊತೆ ಮಾತಾಡುವ ಒಂದು ಯುಎಸ್‌ಬಿ ಕಡ್ಡಿ. ಸೆನ್ಸರ್ ಅಂಕಿ ಬರುತ್ತದೆ, ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಪಂಪ್‌ಗೆ ತಾನೇ ಹೇಳುತ್ತದೆ. 5 ನಿಮಿಷ ಕಳೆದ ಮೇಲೆ ಮತ್ತೆ ಅದೇ. ಇದಕ್ಕೇ ಕ್ಲೋಸ್ಡ್ ಲೂಪ್ ಎನ್ನುವುದು.

ಅದು ಏನು ಲೆಕ್ಕ ಹಾಕುತ್ತದೆ ಎಂದು ಒಂದು ಉದಾಹರಣೆ ಮಾಡಿ ನೋಡೋಣ, ಅಂಕಿಗಳು ಸುಮ್ನೆ ತಿಳಿಯಲಿ ಎಂದು ನಾನೇ ಇಟ್ಟುಕೊಂಡಿದ್ದು. ರಾತ್ರಿ 2 ಗಂಟೆ. ಶುಗರ್ 110. ನೋಡಿದರೆ ಚೆನ್ನಾಗಿಯೇ ಇದೆ, ನಾನಾಗಿದ್ದರೆ ಬೆರಳು ಚುಚ್ಚಿ ನೋಡಿ ದೇವರಿಗೆ ಕೈ ಮುಗಿದು ಮಲಗಿಬಿಡುತ್ತಿದ್ದೆ. ಆದರೆ ತಡವಾಗಿ ಮಾಡಿದ ಊಟಕ್ಕೆ ಕೊಟ್ಟ ಇನ್ಸುಲಿನ್ ಇನ್ನೂ 1 ಯೂನಿಟ್ ಬಾಕಿ ಇದೆ. ಇವರಿಗೆ 1 ಯೂನಿಟ್ ಸುಮಾರು 50 ಇಳಿಸುತ್ತದೆ. ಹಾಗಾದರೆ ಈ 110 ಹೋಗಿ ನಿಲ್ಲುವುದು 60ರ ಹತ್ತಿರ. 70ರ ಕೆಳಗೆ ಹೋದರೆ ಲೋ, 54ರ ಕೆಳಗೆ ಹೋದರೆ ಗಂಭೀರ. ಪಂಪ್ ಗಂಟೆಗೆ 0.8 ಯೂನಿಟ್ ಬೇಸಲ್ ಬಿಡುತ್ತಿದೆ. ಲೂಪ್ ಈಗ ಹೇಳುತ್ತದೆ, ಮುಂದಿನ 30 ನಿಮಿಷ ಬೇಸಲ್ ಸೊನ್ನೆ ಮಾಡು. ಅಷ್ಟರಲ್ಲಿ 0.4 ಯೂನಿಟ್ ಒಳಗೆ ಹೋಗುವುದು ತಪ್ಪಿತು, ಅಂದರೆ 20 ಅಂಕ ಉಳಿಯಿತು. 60 ಆಗಬೇಕಾದದ್ದು 80ಕ್ಕೆ ನಿಲ್ಲುತ್ತದೆ. ಮಲಗಿದವರು ಮಗ್ಗುಲು ಕೂಡ ಬದಲಿಸಿಲ್ಲ. ಇನ್ನು ಬೆಳಗಿನ ಜಾವ ದೇಹದ ಹಾರ್ಮೋನುಗಳು ಏಳುವ ಹೊತ್ತಿಗೆ ಶುಗರ್ ತಾನಾಗಿ ಏರಲು ಶುರು ಮಾಡಿದರೆ ಅದೇ ಲೂಪ್ ಬೇಸಲ್ ಸ್ವಲ್ಪ ಸ್ವಲ್ಪ ಏರಿಸುತ್ತದೆ. ಒಂದೊಂದು ತೀರ್ಮಾನವೂ ತುಂಬ ಸಣ್ಣದು. ಆದರೆ 5 ನಿಮಿಷಕ್ಕೆ ಒಂದರಂತೆ ದಿನಕ್ಕೆ 288 ಸಲ ಯಾವ ತಾಯಿಯೂ ಕೂತು ಈ ಲೆಕ್ಕ ಮಾಡಲಾರಳು.

ಅವರು ಸುರಕ್ಷತೆಗೆ ಮಾಡಿಕೊಂಡ ಏರ್ಪಾಟು ನನಗೆ ತುಂಬ ಹಿಡಿಸಿತು, ಯಾಕೆಂದರೆ ಅದು ಹೆದರಿದವರು ಮಾಡಿದ ಏರ್ಪಾಟು. ಮೊದಲ ರೂಪದಲ್ಲಿ ಲೂಪ್‌ಗೆ ಬೋಲಸ್ ಕೊಡುವ ಅಧಿಕಾರವೇ ಇರಲಿಲ್ಲ. ಅದು ಬೇಸಲ್ ವೇಗವನ್ನು ಮಾತ್ರ ಏರಿಸಬಹುದು, ಇಳಿಸಬಹುದು, ಅದಕ್ಕೂ ಮೇಲೆ ಒಂದು ಮಿತಿ. ಪ್ರತಿ ಆಜ್ಞೆಯೂ ತಾತ್ಕಾಲಿಕ. ಬ್ಯಾಟರಿ ಮುಗಿಯಲಿ, ಕಡ್ಡಿ ಸಂಪರ್ಕ ಕಳೆದುಕೊಳ್ಳಲಿ, ಕಂಪ್ಯೂಟರ್ ಕೆಡಲಿ, ಕೊನೆಯ ಆಜ್ಞೆಯ ಅವಧಿ ಮುಗಿದ ಕೂಡಲೇ ಪಂಪ್ ಡಾಕ್ಟರ್ ಜೊತೆ ಕೂತು ಇಟ್ಟ ಮಾಮೂಲಿ ಬೇಸಲ್‌ಗೆ ತಾನೇ ವಾಪಸ್ ಹೋಗುತ್ತದೆ. ಅಂದರೆ ಯಂತ್ರ ಕೈಕೊಟ್ಟರೆ ಆಗುವುದು ಏನು? ಲೂಪ್ ಇಲ್ಲದ ಹಿಂದಿನ ದಿನದ ಸ್ಥಿತಿ. ಅದಕ್ಕಿಂತ ಕೆಟ್ಟದ್ದು ಆಗಬಾರದು ಎಂದೇ ಹಾಗೆ ಕಟ್ಟಿದ್ದು.

2015ರ ಫೆಬ್ರವರಿಯಲ್ಲಿ ಅವರು ಇದನ್ನು ಓಪನ್‌ಎಪಿಎಸ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟರು. ಪೆಟ್ಟಿಗೆ ಮಾಡಿ ಮಾರಲಿಲ್ಲ. ಹೇಗೆ ಯೋಚಿಸಿದೆವು, ಯಾಕೆ ಈ ಮಿತಿ ಇಟ್ಟೆವು ಎಂದು ಸರಳ ಭಾಷೆಯಲ್ಲಿ ಬರೆದು, ಕೋಡ್ ಕೊಟ್ಟು, ಬೇಕಾದವರು ತಮಗೆ ತಾವೇ ಕಟ್ಟಿಕೊಳ್ಳಿ ಎಂದರು. 2016ರಲ್ಲಿ ಮೊದಲ 40 ಬಳಕೆದಾರರ ಪೈಕಿ 18 ಜನ ಕೊಟ್ಟ ಮಾಹಿತಿಯನ್ನು ಡಾನಾ ಮತ್ತು ಸ್ಕಾಟ್ ಪ್ರಕಟಿಸಿದರು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 7.1ರಿಂದ 6.2ಕ್ಕೆ ಇಳಿದಿತ್ತು. ಶುಗರ್ 80ರಿಂದ 180ರ ಒಳಗೆ ಇರುವ ಸಮಯ ಶೇ. 58ರಿಂದ ಶೇ. 81ಕ್ಕೆ ಏರಿತ್ತು. ಇವರೆಲ್ಲ ತಾವೇ ಕಟ್ಟಿಕೊಳ್ಳುವಷ್ಟು ಆಸಕ್ತಿ ಇದ್ದವರು, ಅಂಕಿಗಳೂ ಅವರೇ ಹೇಳಿದ್ದು. ಆದ್ದರಿಂದ ಇದನ್ನೇ ಪುರಾವೆ ಅನ್ನಲಾಗದು. ಆದರೆ ಅದೇ ವರದಿಯಲ್ಲಿ ನಾನು ಎರಡು ಸಲ ಓದಿದ ಸಾಲು ಬೇರೆ. ಒಬ್ಬರನ್ನು ಬಿಟ್ಟು ಉಳಿದ ಎಲ್ಲರೂ ನಿದ್ದೆ ಸುಧಾರಿಸಿದೆ ಎಂದಿದ್ದರು.

ಗಟ್ಟಿ ಪುರಾವೆ ಬರಲು 2022ರ ತನಕ ಕಾಯಬೇಕಾಯಿತು. ನ್ಯೂಜಿಲೆಂಡ್‌ನಲ್ಲಿ ಕ್ರಿಯೇಟ್ ಎಂಬ ಹೆಸರಿನ ಪ್ರಯೋಗ ನಡೆಯಿತು. 7ರಿಂದ 70 ವರ್ಷದ 97 ಜನ, ಅದರಲ್ಲಿ 48 ಮಕ್ಕಳು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಸೆನ್ಸರ್ ಮತ್ತು ಮಾಮೂಲಿ ಪಂಪ್, ಇನ್ನೊಂದಕ್ಕೆ ಓಪನ್‌ಎಪಿಎಸ್ ಲೆಕ್ಕವನ್ನೇ ಫೋನ್‌ನಲ್ಲಿ ಓಡಿಸುವ ಆಂಡ್ರಾಯ್ಡ್‌ಎಪಿಎಸ್ ಆಪ್ ಇರುವ ಪಂಪ್. 24 ವಾರ ನಡೆಯಿತು. ಲೂಪ್ ಗುಂಪಿನವರು 70ರಿಂದ 180ರ ಒಳಗೆ ಇದ್ದ ಸಮಯ ಶೇ. 61.2ರಿಂದ ಶೇ. 71.2ಕ್ಕೆ ಏರಿತು, ಇನ್ನೊಂದು ಗುಂಪಿನದು ಶೇ. 57.7ರಿಂದ ಶೇ. 54.5ಕ್ಕೆ ಇಳಿಯಿತು. ಲೆಕ್ಕ ಹಾಕಿದರೆ ದಿನಕ್ಕೆ 3 ಗಂಟೆಗಿಂತ ಜಾಸ್ತಿ ಹೊತ್ತು ಶುಗರ್ ಒಳ್ಳೆಯ ಜಾಗದಲ್ಲಿ. ಯಾವ ಗುಂಪಿನಲ್ಲೂ ಯಾರಿಗೂ ತೀವ್ರ ಲೋ ಆಗಲಿಲ್ಲ, ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಕೀಟೋನ್ ಎಂಬ ಆಮ್ಲ ಏರಿ ಆಸ್ಪತ್ರೆ ಸೇರುವ ಹಾಗೂ ಆಗಲಿಲ್ಲ. ಲಾಭ ಹೆಚ್ಚು ಕಂಡಿದ್ದು ಹಗಲಿಗಿಂತ ರಾತ್ರಿಯಲ್ಲಿ. ಒಬ್ಬರ ಮಲಗುವ ಕೋಣೆಯಲ್ಲಿ, ಅಲಾರಂ ಕೇಳಿಸದ ಕಾರಣಕ್ಕೆ ಹುಟ್ಟಿದ ಲೆಕ್ಕ ಎಂಟು ವರ್ಷಗಳಲ್ಲಿ ವೈದ್ಯಕೀಯ ಪ್ರಯೋಗ ದಾಟಿತ್ತು. ಆ ಸಂಶೋಧನಾ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಡಾನಾ ಅವರ ಹೆಸರೂ ಇದೆ.

ರಾತ್ರಿಯೇ ಯಾಕೆ ಚೆನ್ನಾಗಿ ನಡೆಯುತ್ತದೆ ಎಂದರೆ, ರಾತ್ರಿ ಯಾರೂ ಊಟ ಮಾಡುವುದಿಲ್ಲ, ಓಡುವುದಿಲ್ಲ. ಈಗಿನ ಅತಿ ಬೇಗದ ಇನ್ಸುಲಿನ್ ಕೂಡ ಚರ್ಮದ ಕೆಳಗೆ ಕೊಟ್ಟರೆ ಕೆಲಸ ಶುರು ಮಾಡಲು ಹತ್ತು ಹದಿನೈದು ನಿಮಿಷ, ಪೂರ್ತಿ ಜೋರಿಗೆ ಬರಲು ಒಂದು ಗಂಟೆಗೂ ಜಾಸ್ತಿ, ಮುಗಿಯಲು ನಾಲ್ಕೈದು ಗಂಟೆ ಬೇಕು. ನೀರುದೋಸೆ ತಿಂದ ಅರ್ಧ ಗಂಟೆಗೆ ಶುಗರ್ ಜಿಗಿದಾಗ ಲೂಪ್ ಎಚ್ಚೆತ್ತು ಇನ್ಸುಲಿನ್ ಕೊಟ್ಟರೆ ಅದು ಹಿಂದೆ ಹಿಂದೆ ಓಡಬೇಕಾಗುತ್ತದೆ. ಹಾಗಾಗಿ ಇವತ್ತಿನ ಹೆಚ್ಚಿನ ಪಂಪ್‌ಗಳಲ್ಲೂ ಊಟಕ್ಕೆ ಮೊದಲು ಇಷ್ಟು ಗ್ರಾಂ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ತಿನ್ನುತ್ತೇನೆ ಎಂದು ಹೇಳಲೇಬೇಕು. ಅದಕ್ಕೇ ಅವುಗಳಿಗೆ ಹೈಬ್ರಿಡ್ ಎನ್ನುವುದು, ಅರ್ಧ ಅದರ ಕೆಲಸ, ಅರ್ಧ ನಮ್ಮದು. ಹಬ್ಬದ ದಿನ ತುಪ್ಪ ಸುರಿದ ಹೋಳಿಗೆ ತಿಂದರೆ ಕೊಬ್ಬಿನ ದೆಸೆಯಿಂದ ಶುಗರ್ ಕೂಡಲೇ ಏರದೆ ಮೂರ್ನಾಲ್ಕು ಗಂಟೆ ಕಳೆದ ಮೇಲೆ ಏರುತ್ತದೆ, ಪಂಪ್ ಇಲ್ಲದೆ ಇನ್ಸುಲಿನ್ ಪೆನ್ನಿನಲ್ಲಿ ಒಂದೇ ಸಲ ಚುಚ್ಚಿದವರಿಗೆ ಇದು ದೊಡ್ಡ ತಲೆನೋವು. ಲೂಪ್ ಇಂಥ ನಿಧಾನದ ಏರಿಕೆಯನ್ನು ಚೆನ್ನಾಗಿ ಹಿಡಿಯುತ್ತದೆ.

ಪಂಪ್‌ನ ದೊಡ್ಡ ಅಪಾಯ ಇನ್ನೊಂದಿದೆ, ಇದನ್ನು ಯಾರೂ ಮುಚ್ಚಿಡಬಾರದು. ಅದರಲ್ಲಿ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಇರುವುದಿಲ್ಲ. ಚರ್ಮದ ಕೆಳಗಿನ ನಳಿಕೆ ಮಡಚಿಕೊಂಡರೆ, ಕಿತ್ತು ಬಂದರೆ, ಕೆಲವೇ ಗಂಟೆಗಳಲ್ಲಿ ಮೈಯಲ್ಲಿ ಇನ್ಸುಲಿನ್ ಖಾಲಿ, ಕೀಟೋನ್ ಏರಿ ಜೀವಕ್ಕೆ ಕುತ್ತು ಬರುತ್ತದೆ. ಲೂಪ್‌ಗೆ ನಳಿಕೆ ಮಡಚಿದ್ದು ಕಾಣುವುದಿಲ್ಲ. ಅದಕ್ಕೆ ಕಾಣುವುದು ಶುಗರ್ ಏರಿದ್ದು ಮಾತ್ರ, ಅದು ಇನ್ನಷ್ಟು ಕೊಡುತ್ತೇನೆ ಅಂದುಕೊಳ್ಳುತ್ತದೆ, ಒಳಗೆ ಏನೂ ಹೋಗುತ್ತಿರುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ದಿನಕ್ಕೊಮ್ಮೆ ಈ ನಳಿಕೆಯ ಸೆಟ್ ಬದಲಿಸಬೇಕು. ನಮ್ಮ ಕರಾವಳಿಯ ಸೆಖೆಯಲ್ಲಿ ಬೆವರಿಗೆ ಅಂಟು ಬಿಟ್ಟು ಅದಕ್ಕೂ ಮೊದಲೇ ಏಳುತ್ತದೆ ಎಂದು ಪಂಪ್ ಇರುವ ಮಕ್ಕಳ ಅಮ್ಮಂದಿರು ಹೇಳುತ್ತಾರೆ. ಆದ್ದರಿಂದ ಪಂಪ್ ಇದ್ದರೂ ಚೀಲದಲ್ಲಿ ಇನ್ಸುಲಿನ್ ಪೆನ್, ಕೀಟೋನ್ ಪಟ್ಟಿ, ಒಂದು ಸೆಟ್ ಇರಲೇಬೇಕು.

ಡಾನಾ ಮಾಡಿದ ಹಾಗೆ ನೀವೂ ಮನೆಯಲ್ಲಿ ಮಾಡಿ ಎಂದು ನಾನು ಹೇಳುತ್ತಿಲ್ಲ. 2019ರ ಮೇನಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಸಂಸ್ಥೆ ಎಫ್‌ಡಿಎ, ಹೀಗೆ ಅನುಮತಿ ಇಲ್ಲದ ಸಾಧನಗಳನ್ನು ಜೋಡಿಸಿಕೊಂಡ ಒಬ್ಬರಿಗೆ ಇನ್ಸುಲಿನ್ ಜಾಸ್ತಿ ಹೋಗಿ ತೊಂದರೆ ಆಯಿತು ಎಂದು ಎಚ್ಚರಿಕೆ ಕೊಟ್ಟಿತು. ಈಗ ಅಂಥ ಅನಿವಾರ್ಯವೂ ಕಡಿಮೆ ಆಗಿದೆ. 2016ರ ಸೆಪ್ಟೆಂಬರ್‌ನಲ್ಲಿ ಮೆಡ್‌ಟ್ರಾನಿಕ್ 670ಜಿಗೆ ಅನುಮತಿ ಸಿಕ್ಕಿತು, ಕಂಪನಿ ಮಾಡಿದ ಮೊದಲ ಹೈಬ್ರಿಡ್ ಲೂಪ್ ಅದು. 2019ರಲ್ಲಿ ಟ್ಯಾಂಡಮ್ ಕಂಪನಿಯ ಕಂಟ್ರೋಲ್ ಐಕ್ಯೂ, 2022ರಲ್ಲಿ ಹೊರಗೆ ನಳಿಕೆಯೇ ಇಲ್ಲದೆ ಮೈಗೆ ಅಂಟುವ ಓಮ್ನಿಪಾಡ್ 5. 2023ರಲ್ಲಿ ಬಂದ ಐಲೆಟ್ ಎಂಬ ಪಂಪ್‌ಗೆ ಗ್ರಾಂ ಲೆಕ್ಕವೂ ಬೇಡ, ಊಟ ಎಂದಿನಷ್ಟೇ, ಜಾಸ್ತಿ, ಕಡಿಮೆ ಎಂದು ಹೇಳಿದರೆ ಸಾಕು. ಅದರ ಹಿಂದಿರುವ ಎಡ್ ಡಾಮಿಯಾನೊ ಕೂಡ ಟೈಪ್ 1 ಇರುವ ಮಗನ ಅಪ್ಪ, ಮಗುವಿಗೆ 11 ತಿಂಗಳಿದ್ದಾಗ ಕಾಯಿಲೆ ಗೊತ್ತಾಗಿತ್ತು. ಮಲಗಿದ ಮಗುವಿನ ಪಕ್ಕ ಎಚ್ಚರ ಕೂತವರೇ ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಸಿಗುತ್ತಾರೆ.

ನಮ್ಮ ಕಡೆ ವಿಷಯ ಬಂದಾಗ ಮಾತು ದುಡ್ಡಿಗೆ ಬಂದು ನಿಲ್ಲುತ್ತದೆ. ತಾನೇ ನಡೆಯುವ ಪಂಪ್ ಭಾರತದಲ್ಲೂ ಸಿಗುತ್ತದೆ, ಬೆಲೆ ಲಕ್ಷಗಳಲ್ಲಿ. ಅದಾದ ಮೇಲೆ ಸೆನ್ಸರ್, ಸೆಟ್, ಇನ್ಸುಲಿನ್ ಎಂದು ಪ್ರತಿ ತಿಂಗಳು ಸಾವಿರಗಳು. ಅದು ಒಂದು ಸಲದ ಖರ್ಚಲ್ಲ, ಜೀವನ ಪೂರ್ತಿ. ಇಂಗ್ಲೆಂಡ್‌ನಲ್ಲಿ ಸರ್ಕಾರಿ ಆರೋಗ್ಯ ಸೇವೆಯೇ 2024ರ ಏಪ್ರಿಲ್‌ನಿಂದ ಅರ್ಹ ಟೈಪ್ 1 ರೋಗಿಗಳಿಗೆ ಹಂತ ಹಂತವಾಗಿ ಲೂಪ್ ಪಂಪ್ ಕೊಡಲು ಶುರು ಮಾಡಿದೆ. ಅಷ್ಟು ದೂರ ಬೇಡ, ಮಂಗಳೂರಿನಿಂದ ಐವತ್ತು ಕಿಲೋಮೀಟರ್ ದಾಟಿದರೆ ಕಾಸರಗೋಡು, ಅಲ್ಲಿನ ಕೇರಳ ಸರ್ಕಾರಕ್ಕೆ ಟೈಪ್ 1 ಮಕ್ಕಳಿಗಾಗಿಯೇ ಮಿಠಾಯಿ ಎಂಬ ಯೋಜನೆ ಇದೆ. ಇನ್ಸುಲಿನ್ ಪೆನ್, ಸೆನ್ಸರ್, ಬೇಕಾದ ಮಕ್ಕಳಿಗೆ ಪಂಪ್ ಕೂಡ ಅದರ ವ್ಯಾಪ್ತಿಯಲ್ಲಿವೆ. ಇದು ಐಷಾರಾಮ ಅಲ್ಲ, ಮಗುವಿನ ಚಿಕಿತ್ಸೆ ಎಂದು ಒಂದು ಸರ್ಕಾರ ಒಪ್ಪಿಕೊಂಡಿದೆ. ಕರ್ನಾಟಕದಲ್ಲೂ ಅದನ್ನು ಕೇಳಬೇಕು, ನಾವು ತಾಯಿ ತಂದೆಯರೇ ಒಟ್ಟಾಗಿ ಕೇಳಬೇಕು.

ಅಲ್ಲಿಯವರೆಗೆ ಈ ಪ್ರಕರಣದ ಮೊದಲ ಅರ್ಧದಿಂದ ನಮಗೆ ಉಪಯೋಗ ಇದೆ ಎನ್ನುವುದು ನನ್ನ ಅನುಭವ. ಡಾನಾ ಮೊದಲ ಒಂದು ವರ್ಷ ಪಂಪ್‌ಗೆ ಏನೂ ಜೋಡಿಸಿರಲಿಲ್ಲ, ಅಂಕಿ ನೋಡಿ ಮುಂದಿನದನ್ನು ಊಹಿಸುವುದನ್ನಷ್ಟೇ ಮಾಡಿದ್ದರು. ನಾವು ಹೋದ ವರ್ಷ ಡಾಕ್ಟರ್ ಹೇಳಿದರು ಎಂದು 14 ದಿನದ ಒಂದು ಸೆನ್ಸರ್ ಹಾಕಿಸಿದೆವು. ಅಲ್ಲಿಯತನಕ ನಾನು 2 ಗಂಟೆಗೆ ನೋಡುತ್ತಿದ್ದುದು ಒಂದು ಅಂಕಿ ಮಾತ್ರ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ನನಗೆ ಗೊತ್ತೇ ಇರಲಿಲ್ಲ. ಗ್ರಾಫ್ ನೋಡಿದಾಗ ಒಂದು ಗೊತ್ತಾಯಿತು. ಅವಳು ಸಂಜೆ ಶಾಲೆಯ ಮೈದಾನದಲ್ಲಿ ಜಾಸ್ತಿ ಆಡಿದ ದಿನಗಳಲ್ಲೇ ರಾತ್ರಿ 2ರಿಂದ 4ರ ನಡುವೆ ಶುಗರ್ ಇಳಿಯುತ್ತಿತ್ತು. ಆಟದ ಪರಿಣಾಮ ಎಷ್ಟೋ ಗಂಟೆ ಕಳೆದ ಮೇಲೂ ಇರುತ್ತದೆ, ಸ್ನಾಯುಗಳು ಖಾಲಿಯಾದ ಸಕ್ಕರೆಯನ್ನು ರಾತ್ರಿ ಪೂರ್ತಿ ತುಂಬಿಕೊಳ್ಳುತ್ತವೆ ಎಂದು ಡಾಕ್ಟರ್ ವಿವರಿಸಿದರು. ಈಗ ಆಟದ ದಿನಗಳಿಗೆ ರಾತ್ರಿ ಡೋಸ್ ಬೇರೆ ಬರೆದುಕೊಟ್ಟಿದ್ದಾರೆ. ಲೋ ಆಗುವುದು ಕಡಿಮೆ ಆಗಿದೆ, ನಿಂತಿಲ್ಲ.

ಪೆನ್ನಿಗೂ ಲೂಪ್‌ಗೂ ಇರುವ ವ್ಯತ್ಯಾಸ ಅಲ್ಲೇ ಇದೆ. 9 ಗಂಟೆಗೆ ಚುಚ್ಚಿದ ದೀರ್ಘಕಾಲದ ಇನ್ಸುಲಿನ್ ಚರ್ಮದ ಕೆಳಗೆ ಕೂತಾಯಿತು. 2 ಗಂಟೆಗೆ ಶುಗರ್ ಇಳಿಯುತ್ತಿದೆ ಎಂದು ಗೊತ್ತಾದರೂ ಅದನ್ನು ನಿಲ್ಲಿಸಲು ಆಗುವುದಿಲ್ಲ, ಮಗುವನ್ನು ಎಬ್ಬಿಸಿ ಸಕ್ಕರೆ ನೀರು ಕುಡಿಸುವುದೊಂದೇ ದಾರಿ. ಇವತ್ತು ಸಂಜೆ ಅವಳಿಗೆ ಖೋ ಖೋ ಪ್ರಾಕ್ಟೀಸ್ ಇತ್ತು, ಕತ್ತಲಾಗುವ ತನಕ ಆಡಿ ಬಂದಳು. ಮಲಗುವಾಗ 156 ಇತ್ತು. ಒಂದು ಅಲಾರಂ 2 ಗಂಟೆಗೆ ಇಟ್ಟಿದ್ದೇನೆ, ಇನ್ನೊಂದು ಮೂರೂವರೆಗೆ.